ಬಾಣಸಿಗನ ವೇಷ: ಬಿಳಿ ಟೋಪಿಯ ಶೆಫ್ಫೋ, ಪಂಚೆ ಉಟ್ಟ ಅಡುಗೆಯವರೋ?

ಛದ್ಮವೇಷದ ದಿನ ಮಗು ವೇದಿಕೆಯ ಮೇಲೆ ನಿಲ್ಲುವುದು ಎರಡು ನಿಮಿಷ. ಸಾಲಿನಲ್ಲಿ ಕಾಯುವುದು ಮುಕ್ಕಾಲು ಗಂಟೆ, ಒಂದೊಂದು ಸಲ ಇನ್ನೂ ಹೆಚ್ಚು. ಬಾಣಸಿಗನ ವೇಷ ಕೆಡುವುದು ಈ ಕಾಯುವ ಹೊತ್ತಿನಲ್ಲೇ. ಟೋಪಿ ಹಣೆಗೆ ಜಾರುತ್ತದೆ, ಮಗು ಅದನ್ನು ಕಿತ್ತು ಕೈಯಲ್ಲಿ ಹಿಸುಕುತ್ತದೆ, ಬೆನ್ನ ಹಿಂದೆ ಗುಂಡಿ ಹಾಕಿದ ಅಂಗಿಯನ್ನು ಬಿಚ್ಚಲಾಗದೆ ಬಾತ್‌ರೂಮಿಗೆ ಹೋಗಲು ಪರದಾಡುತ್ತದೆ. ಹಾಗಾಗಿ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದೆ: ಮಗು ಇದನ್ನು ಒಂದು ಗಂಟೆ ಗೋಳಿಲ್ಲದೆ ಹಾಕಿಕೊಂಡಿರುತ್ತದೆಯೇ? ಫೋಟೋದಲ್ಲಿ ಹೇಗೆ ಕಾಣುತ್ತದೆ ಎನ್ನುವುದು ಆಮೇಲಿನ ಮಾತು.

ಕೆಳಗಿನ ಅಳತೆಗಳೆಲ್ಲ ಐದಾರು ವರ್ಷದ, ಸುಮಾರು 110 ಸೆಂ.ಮೀ. ಎತ್ತರದ ಮಗುವಿಗೆ. ಅಷ್ಟು ವಯಸ್ಸಿಗೆ ತಲೆಯ ಸುತ್ತಳತೆ ಹೆಚ್ಚುಕಡಿಮೆ 51 ಸೆಂ.ಮೀ. ಇರುತ್ತದೆ, ಒಂಬತ್ತು ಹತ್ತು ವರ್ಷಕ್ಕೆ 53. ಆದರೂ ಟೇಪು ಹಿಡಿದು ಅಳೆಯಿರಿ. ಹಣೆಯ ಮಧ್ಯದಿಂದ ಕಿವಿಯ ಮೇಲೆ ಹಾಯ್ದು ಹಿಂದಿನ ಉಬ್ಬನ್ನು ಸುತ್ತಿ ಬರಬೇಕು. ಎರಡು ಜಡೆ ಹಾಕುವ ಹುಡುಗಿಯಾದರೆ ಜಡೆ ಹಾಕಿದ ಮೇಲೆಯೇ ಅಳೆಯುವುದು.

ಮೊದಲು ಯಾವ ಬಾಣಸಿಗ ಎಂದು ತೀರ್ಮಾನಿಸಿ

ಬಿಳಿ ಕೋಟು, ಎತ್ತರದ ಟೋಪಿಯ ಶೆಫ್ ವೇಷಕ್ಕೆ ಒಂದು ದೊಡ್ಡ ಅನುಕೂಲವಿದೆ: ಮೈದಾನದ ಕೊನೆಯಲ್ಲಿ ಕೂತವರಿಗೂ ಅದು ಯಾರ ವೇಷ ಎಂದು ಹೇಳಬೇಕಾಗಿಲ್ಲ. ಅನನುಕೂಲವೆಂದರೆ ಟೋಪಿ, ಕೋಟು, ಏಪ್ರನ್, ಕೊರಳ ಕರವಸ್ತ್ರ, ಪ್ಯಾಂಟು ಹೀಗೆ ಐದು ಸಾಮಾನು ಹೊಂದಿಸಬೇಕು, ಅದಕ್ಕೆ ಎರಡು ಮೂರು ಗಂಟೆಯ ಕೈಕೆಲಸ ಬೇಕು.

ಪಂಚೆ, ಬನಿಯನ್, ಹೆಗಲ ಮೇಲೆ ಟವೆಲ್, ಕೈಯಲ್ಲಿ ಸೌಟು ಹಿಡಿದ ನಮ್ಮ ಮದುವೆಮನೆಯ ಅಡುಗೆಯವರ ವೇಷಕ್ಕೆ ಹೊಲಿಗೆಯೇ ಬೇಡ, ಹದಿನೈದು ನಿಮಿಷ ಸಾಕು. ಮೈಗೆ ತಂಪು, ಬಾತ್‌ರೂಮಿನ ತೊಂದರೆಯೂ ಇಲ್ಲ. ತೊಂದರೆ ಇರುವುದು ಗುರುತಿನಲ್ಲಿ. ಸೌಟು ಮರೆತು ಬಂದರೆ ಅದೇ ಮಗು ರೈತನ ವೇಷ ಹಾಕಿದಂತೆ ಕಾಣುತ್ತದೆ. ಅದೇ ಸಾಲಿನಲ್ಲಿ ನಿಜವಾದ ರೈತವೇಷ ಮೂರು ಇರುತ್ತವೆ, ಮಂಡ್ಯದಲ್ಲಂತೂ ಖಂಡಿತ. ಹಾಗಾಗಿ ಈ ವೇಷ ನಿಂತಿರುವುದು ಕೈಯಲ್ಲಿರುವ ಸಾಮಾನು ಮತ್ತು ಆಡುವ ಮಾತಿನ ಮೇಲೆ.

ಮೂರನೆಯದೊಂದಿದೆ, ಯಾಕೋ ಯಾರೂ ಅದನ್ನು ಯೋಚಿಸುವುದೇ ಇಲ್ಲ: ಶಾಲೆಯಲ್ಲಿ ದಿನಾ ಬಿಸಿಯೂಟ ಮಾಡಿ ಬಡಿಸುವ ಅಕ್ಕ. ಹತ್ತಿ ಸೀರೆ, ಅದರ ಮೇಲೆ ಏಪ್ರನ್, ತಲೆಗೆ ಬಟ್ಟೆ, ಕೈಯಲ್ಲಿ ಸಾಂಬಾರಿನ ಸೌಟು. ಅಕ್ಷರ ದಾಸೋಹದ ಊಟ ಉಂಡೇ ಬೆಳೆಯುವ ಮಕ್ಕಳ ಮುಂದೆ ಈ ವೇಷಕ್ಕೆ ಸಿಗುವ ಚಪ್ಪಾಳೆ ಬೇರೆ ಯಾವುದಕ್ಕೂ ಸಿಗದು. ಸೀರೆಯ ಬದಲು ಅಮ್ಮನ ಹತ್ತಿ ದುಪಟ್ಟಾ ಸಾಕು. ಎರಡು, ಎರಡೂವರೆ ಮೀಟರ್ ಉದ್ದವಿರುತ್ತದೆ, ಲಂಗದ ಮೇಲೆ ಒಂದು ಸುತ್ತು ಸುತ್ತಿ ಸೆರಗು ಸಿಕ್ಕಿಸಲು ಅಷ್ಟು ಹಿಡಿಸುತ್ತದೆ.

ನಮ್ಮ ಅಭಿಪ್ರಾಯ ಹೀಗೆ: ಮೂರು ನಾಲ್ಕು ವರ್ಷದ ಮಕ್ಕಳಿಗೆ ಪಂಚೆಯ ಅಡುಗೆಯವರು, ಯಾಕೆಂದರೆ ಆ ವಯಸ್ಸಿನವರು ತಲೆಯ ಮೇಲೆ ಏನೂ ನಿಲ್ಲಗೊಡುವುದಿಲ್ಲ. ಐದರಿಂದ ಎಂಟಕ್ಕೆ ಶೆಫ್. ಅದಕ್ಕಿಂತ ದೊಡ್ಡವರಾದರೆ ಮತ್ತೆ ಅಡುಗೆಯವರ ಅಥವಾ ಬಿಸಿಯೂಟದ ಅಕ್ಕನ ವೇಷವೇ ವಾಸಿ. ಆ ಮಕ್ಕಳು ನಾಲ್ಕು ಮಾತನ್ನು ಚೆನ್ನಾಗಿ ಆಡಬಲ್ಲರು, ಮಾತಿಗೆ ಅಲ್ಲಿ ಜಾಗವಿದೆ.

ಟೋಪಿ: ಅರ್ಧ ವೇಷ ಇದೇ

ಶೆಫ್ ಆರಿಸಿಕೊಂಡಿರಾದರೆ ಟೋಪಿಯಿಂದಲೇ ಕೆಲಸ ಶುರು ಮಾಡಿ. ಕೋಟು ಸಾಧಾರಣವಿದ್ದು ಟೋಪಿ ಚೆನ್ನಾಗಿದ್ದರೆ ನಡೆಯುತ್ತದೆ, ಕೋಟು ಎಷ್ಟೇ ಚೆನ್ನಾಗಿದ್ದರೂ ಟೋಪಿ ಕುಸಿದರೆ ಮಗು ಕಾಂಪೌಂಡರ್ ಥರ ಕಾಣುತ್ತದೆ. ಈ ಬಿಳಿ ಉದ್ದ ಟೋಪಿ ಫ್ರಾನ್ಸಿನ ಅಡುಗೆಮನೆಗಳದು. 1833ರಲ್ಲಿ ತೀರಿಕೊಂಡ ಮರಿ-ಆಂತ್ವಾನ್ ಕಾರೆಮ್ ಎಂಬ ಹೆಸರಾಂತ ಬಾಣಸಿಗ ಅದನ್ನು ನೆಟ್ಟಗೆ ನಿಲ್ಲಿಸಲು ಒಳಗೆ ರಟ್ಟು ಇಟ್ಟುಕೊಳ್ಳುತ್ತಿದ್ದನಂತೆ. ನಾವು ಮನೆಯಲ್ಲಿ ಮಾಡುವುದೂ ಅದನ್ನೇ.

ಮೂರು ದಾರಿಗಳಿವೆ.

ಪೂರ್ತಿ ಕಾಗದದ ಟೋಪಿ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಒಂದು ಬಿಳಿ ಚಾರ್ಟ್ ಶೀಟು, ಒಂದು ಸುರುಳಿ ಬಿಳಿ ಕ್ರೇಪ್ ಪೇಪರ್, ಗೋಂದು ಅಥವಾ ಡಬಲ್ ಸೈಡ್ ಟೇಪು ಇದ್ದರಾಯಿತು. ಚಾರ್ಟ್ ಶೀಟು 22 ಇಂಚು ಅಗಲ, 28 ಇಂಚು ಉದ್ದ ಬರುತ್ತದೆ, ಅಂದರೆ ಉದ್ದದ ಕಡೆ 71 ಸೆಂ.ಮೀ. ತಲೆಗೆ ಸುತ್ತುವ ಪಟ್ಟಿಯನ್ನು ಆ ಉದ್ದದಲ್ಲೇ ಕತ್ತರಿಸಿದರೆ ನಡುವೆ ಜೋಡಣೆ ಬರುವುದಿಲ್ಲ. ಎ4 ಹಾಳೆಯಲ್ಲಿ ಮಾಡಹೊರಟರೆ ಎರಡು ಕಡೆ ಅಂಟಿಸಬೇಕು, ಬಾಗುವುದೂ ಅಲ್ಲೇ. ಪಟ್ಟಿಯ ಉದ್ದ ತಲೆಯಳತೆಗಿಂತ 4 ಸೆಂ.ಮೀ. ಹೆಚ್ಚಿರಲಿ: ಎರಡು ಒಂದರ ಮೇಲೊಂದು ಅಂಟಿಸಲು, ಎರಡು ಸಡಿಲಕ್ಕೆ. 51ರ ತಲೆಗೆ 55 ಉದ್ದ, 14 ಎತ್ತರ.

ಮೇಲಿನ ಬುಗ್ಗೆಗೆ ಕ್ರೇಪ್ ಪೇಪರನ್ನು 110 ಸೆಂ.ಮೀ. ಉದ್ದ, 30 ಎತ್ತರಕ್ಕೆ ಕತ್ತರಿಸಿ. ಈ 110ನ್ನು 55ಕ್ಕೆ ಇಳಿಸಬೇಕಲ್ಲ, ಅದಕ್ಕೆ ನೆರಿಗೆ: 2 ಸೆಂ.ಮೀ. ಬಿಟ್ಟು 1 ಸೆಂ.ಮೀ. ಒಳಕ್ಕೆ ಮಡಿಸುತ್ತ ಹೋದರೆ ಒಂದೊಂದು ನೆರಿಗೆಗೆ ಒಟ್ಟು 4 ಸೆಂ.ಮೀ. ಕಾಗದ ಹೋಗುತ್ತದೆ, 27 ನೆರಿಗೆಗೆ ಲೆಕ್ಕ ಸರಿಹೋಗುತ್ತದೆ. ಪಟ್ಟಿ ಇನ್ನೂ ಮಟ್ಟಸವಾಗಿ ಮೇಜಿನ ಮೇಲಿರುವಾಗಲೇ ನೆರಿಗೆಯ ಕೆಳಗಿನ 3 ಸೆಂ.ಮೀ. ಭಾಗವನ್ನು ಅದರ ಒಳಮೈಗೆ ಅಂಟಿಸಿ, ಒಣಗಿದ ಮೇಲೆ ಸುತ್ತಿ. ಮೊದಲೇ ಸುತ್ತಿ ಆಮೇಲೆ ನೆರಿಗೆ ಅಂಟಿಸಲು ಹೋದರೆ ಕೈ ಒಳಗೆ ಹೋಗದೆ ಎಲ್ಲ ಓರೆಯಾಗುತ್ತದೆ. ಮೇಲಿನ ಬಾಯನ್ನು ದಾರದಿಂದ ಬಿಗಿದು, ಆ ಗಂಟನ್ನು ಒಳಕ್ಕೆ ಒತ್ತಿಬಿಡಿ.

ಇಲ್ಲಿ ಕೆಡುವುದು ಎರಡು. ನೀರಾದ ಗೋಂದನ್ನು ಹೆಚ್ಚು ಬಳಿದರೆ ಕ್ರೇಪ್ ಪೇಪರ್ ನೆನೆದು ಹರಿಯುತ್ತದೆ, ಒಣಗಿದ ಮೇಲೆ ಹಳದಿ ಗೆರೆ ಉಳಿಯುತ್ತದೆ. ಡಬಲ್ ಸೈಡ್ ಟೇಪಿಗೆ ಈ ಕಾಟವಿಲ್ಲ. ಇನ್ನೊಂದು ಸ್ಟೇಪ್ಲರ್ ಪಿನ್ನು. ಪಟ್ಟಿಯ ಎರಡು ತುದಿ ಸೇರಿಸಲು ಪಿನ್ನು ಹೊಡೆಯುವುದಾದರೆ ಅದರ ಕಾಲುಗಳು ಹೊರಮುಖವಾಗಿರಬೇಕು, ಮೇಲೆ ಟೇಪು ಬೀಳಬೇಕು. ಒಳಮುಖವಾದರೆ ಮಗುವಿನ ತಲೆಗೆ ಚುಚ್ಚುತ್ತದೆ. ಮಗು ಟೋಪಿ ಬೇಡವೆಂದು ಅಳುವುದು ಹಟದಿಂದ ಅಂದುಕೊಂಡು ಬೈಯುತ್ತೇವೆ, ಕಾರಣ ಆ ಪಿನ್ನು. ಮಳೆಗಾಲದಲ್ಲಿ ಪೂರ್ತಿ ಕಾಗದದ ಟೋಪಿಯನ್ನು ನಂಬಬೇಡಿ. ಆಗಸ್ಟಿನ ಜಿಟಿಜಿಟಿಯಲ್ಲಿ ಶಾಲೆಯ ಗೇಟಿನಿಂದ ತರಗತಿಗೆ ಹೋಗುವಷ್ಟರಲ್ಲೇ ಬುಗ್ಗೆ ಜೋತುಬೀಳುತ್ತದೆ. ನವೆಂಬರ್ 14ರ ಮಕ್ಕಳ ದಿನಾಚರಣೆಗಾದರೆ ಅಷ್ಟು ಭಯವಿಲ್ಲ.

ಬಟ್ಟೆಯ ಟೋಪಿ, ಒಳಗೆ ರಟ್ಟು: ನಾವು ಶಿಫಾರಸು ಮಾಡುವುದು ಇದನ್ನೇ. ಹಳೆಯ ಬಿಳಿ ಪಂಚೆ ಒಂದಿದ್ದರೆ ಸಾಕು. ನಾಲ್ಕು ಮೊಳದ ಪಂಚೆ 1.8 ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ ಇರುತ್ತದೆ. ಅದರಲ್ಲೇ ಟೋಪಿ, ಏಪ್ರನ್, ಕೋಟಿನ ಎದೆಪಟ್ಟಿ ಮೂರೂ ಹೊರಡುತ್ತವೆ. ಒಗೆದೊಗೆದು ಮೆತ್ತಗಾದ ಪಂಚೆಯೇ ಚೆಂದ. ಹೊಸದರ ನೂಲು ಬಿರುಸಾಗಿರುವುದರಿಂದ ನೆರಿಗೆ ದಪ್ಪ ದಪ್ಪ ನಿಲ್ಲುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಬೇಡ, ಅದು ಗಂಜಿ ಕುಡಿಯುವುದಿಲ್ಲ.

ಬುಗ್ಗೆಗೆ 50 ಸೆಂ.ಮೀ. ಅಡ್ಡಳತೆಯ ದುಂಡು ಬಟ್ಟೆ ಬೇಕು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆ ಸೇರುವ ಮೂಲೆಯಲ್ಲಿ ದಾರದ ತುದಿಯನ್ನು ಒತ್ತಿ ಹಿಡಿದು, 25 ಸೆಂ.ಮೀ. ದೂರದಲ್ಲಿ ಪೆನ್ಸಿಲ್ ಕಟ್ಟಿ ಕಮಾನು ಎಳೆಯಿರಿ, ಅದರ ಮೇಲೆ ಕತ್ತರಿಸಿ. ಈ ದುಂಡಿನ ಸುತ್ತಳತೆ 157 ಸೆಂ.ಮೀ., ಅದನ್ನು 53ಕ್ಕೆ ಸುರುಟಬೇಕು. ಅಂದರೆ ಮೂರರಲ್ಲಿ ಒಂದು ಪಾಲು. ಅಂಚಿನಿಂದ 1 ಸೆಂ.ಮೀ. ಒಳಗೆ ಎರಡೆಳೆ ದಾರದಲ್ಲಿ ಉದ್ದುದ್ದ ರನ್ನಿಂಗ್ ಹೊಲಿಗೆ ಹಾಕಿ. ಒಂದೇ ದಾರದಲ್ಲಿ ಪೂರ್ತಿ ಸುತ್ತಿದರೆ ಎಳೆಯುವಾಗ ಪಟ್ಟನೆ ಕಿತ್ತುಹೋಗುತ್ತದೆ, ಮತ್ತೆ ಮೊದಲಿಂದ ಶುರು. ನಾಲ್ಕು ಕಾಲುಭಾಗಕ್ಕೆ ನಾಲ್ಕು ಬೇರೆ ದಾರ ಹಾಕಿ, ಒಂದೊಂದನ್ನೂ 13 ಸೆಂ.ಮೀ. ಚಿಲ್ಲರೆಗೆ ಎಳೆದು ಗಂಟು ಹಾಕಿ. ಆಗ ನೆರಿಗೆ ಒಂದೇ ಕಡೆ ಗುಂಪಾಗುವುದಿಲ್ಲ.

ಪಟ್ಟಿಗೆ 57 ಉದ್ದ, 32 ಅಗಲದ ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ. ತೆರೆದ ಬಾಯೊಳಗೆ ಬುಗ್ಗೆಯ ಅಂಚು ಸಿಕ್ಕಿಸಿ ಹೊಲಿಯಿರಿ, ಹಿಂಬದಿಯ ಒಂದು ಕಡೆ ತೆರೆದೇ ಇರಲಿ. ಆ ಸಂದಿಯಿಂದ 55 ಉದ್ದ, 14 ಎತ್ತರದ ಚಾರ್ಟ್ ಪಟ್ಟಿಯನ್ನು ಒಳಗೆ ತೂರಿಸುವುದು. ದರ್ಜಿಗಳು ಕಾಲರಿಗೆ ಹಾಕುವ ಬಕ್ರಂ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಮಡಚಿದರೂ ಗೆರೆ ಬೀಳುವುದಿಲ್ಲ. ರಟ್ಟಿನ ಪೆಟ್ಟಿಗೆಯ ದಪ್ಪ ರಟ್ಟು ಮಾತ್ರ ಬೇಡ. ಅದು ದುಂಡಗೆ ಬಾಗುವುದಿಲ್ಲ, ಅಲ್ಲಲ್ಲಿ ಮುರಿದು ಮೂಲೆ ಮೂಲೆಯಾಗಿ ಕಾಣುತ್ತದೆ, ಮೇಲಾಗಿ ಭಾರ.

ಬರೀ ಗಂಜಿಯ ಟೋಪಿ ಮೂರನೆಯದು. ರಟ್ಟೇ ಇಲ್ಲದೆ ಪಟ್ಟಿಯನ್ನೂ ಬುಗ್ಗೆಯನ್ನೂ ದಪ್ಪ ಗಂಜಿಯಲ್ಲಿ ಅದ್ದಿ ಇಸ್ತ್ರಿ ಮಾಡುವುದು. ಹಗುರ, ಚೀಲದಲ್ಲಿ ಮಡಚಿ ಒಯ್ಯಬಹುದು, ಎಳೆ ಮಕ್ಕಳಿಗೆ ಹಿತ. ಆದರೆ ಹಣೆ ಬೆವತರೆ ಗಂಜಿ ಮತ್ತೆ ಮೆತ್ತಗಾಗುತ್ತದೆ. ಅರ್ಧ ಗಂಟೆಯಾದ ಮೇಲೆ ಪಟ್ಟಿ ಹುಬ್ಬಿನ ಮೇಲೆ ಕೂತಿರುತ್ತದೆ. ಪಟ್ಟಿಗೆ ರಟ್ಟು, ಬುಗ್ಗೆಗೆ ತೆಳು ಗಂಜಿ ಎಂದು ಎರಡನ್ನೂ ಸೇರಿಸಿದರೆ ಎಲ್ಲಕ್ಕಿಂತ ಚೆನ್ನ. ಗಂಜಿಯೇ ಇಲ್ಲದ ಬುಗ್ಗೆ ಒಂದು ಪಕ್ಕಕ್ಕೆ ವಾಲುತ್ತದೆ, ದಪ್ಪ ಗಂಜಿಯದು ಹಪ್ಪಳದಂತೆ ಸೆಟೆದು ನಿಲ್ಲುತ್ತದೆ.

ಗಂಜಿ ಮಾಡುವುದು ಹೀಗೆ: ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು, ಮೂರು ನಾಲ್ಕು ನಿಮಿಷ ಕೈಯಾಡಿಸಿ. ಸುಣ್ಣದ ನೀರಿನಂತೆ ಬೆಳ್ಳಗಿದ್ದದ್ದು ಸ್ವಲ್ಪ ಪಾರದರ್ಶಕವಾಗಿ ಹೊಳೆಯತೊಡಗಿದಾಗ ಇಳಿಸಿ. ಅನ್ನ ಬಸಿಯುವ ಮನೆಯಾದರೆ ಬಸಿದ ಗಂಜಿಯೇ ಸಾಕು, ಉಪ್ಪು ಹಾಕಿರಬಾರದು ಅಷ್ಟೆ. ಯಾವುದಾದರೂ ಸರಿ, ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಸೋಸದಿದ್ದರೆ ಸಣ್ಣ ಗಂಟುಗಳು ಬಟ್ಟೆಗೆ ಹಿಡಿದು, ಇಸ್ತ್ರಿ ಪೆಟ್ಟಿಗೆ ತಾಗಿದೊಡನೆ ಕಂದು ಚುಕ್ಕೆಗಳಾಗುತ್ತವೆ. ಬಿಳಿ ಟೋಪಿಯ ಮೇಲೆ ಅವು ಕೊಳೆಯಂತೆಯೇ ಕಾಣುವುದು. ಬುಗ್ಗೆಗೆ ಈ ಗಂಜಿಗೆ ಅಷ್ಟೇ ನೀರು ಬೆರೆಸಿ ಅದ್ದಿ. ಪೂರ್ತಿ ಒಣಗುವ ಮುನ್ನ, ಕೈಗೆ ತಣ್ಣಗೆ ಹತ್ತುವಾಗಲೇ ಇಸ್ತ್ರಿ ಮಾಡಿ.

ಯಾವ ಟೋಪಿಯಾದರೂ ಒಳಗಡೆ ಹಣೆಗೆ ತಾಗುವ ಕಡೆ ಹಳೆ ಬನಿಯನ್ನಿನ 3 ಸೆಂ.ಮೀ. ಅಗಲದ ಪಟ್ಟಿ ಅಂಟಿಸಿ. ಬೆವರು ಹೀರುತ್ತದೆ, ಜಾರುವುದನ್ನೂ ತಡೆಯುತ್ತದೆ. ಗಲ್ಲದ ಕೆಳಗೆ ಇಲಾಸ್ಟಿಕ್ ಹಾಕುವುದು ಸುಲಭ, ಆದರೆ ಮಕ್ಕಳು ಅದನ್ನು ಎಳೆದೆಳೆದು ಬಿಡುತ್ತಲೇ ಇರುತ್ತಾರೆ. ಅದರ ಬದಲು ಎರಡೂ ಕಿವಿಯ ಮೇಲ್ಭಾಗದಲ್ಲಿ ಟೋಪಿಯೊಳಗೆ ದಾರದ ಚಿಕ್ಕ ಕುಣಿಕೆ ಹೊಲಿದು, ಅದರ ಮೂಲಕ ಕೂದಲಿಗೆ ಹೇರ್‌ಪಿನ್ನು ಹಾಕಿ. ಬಿಳಿ ಪ್ಲಾಸ್ಟಿಕ್ ಕವರನ್ನು ಉಬ್ಬಿಸಿ ಟೋಪಿ ಮಾಡುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಅದು ಬೇಡವೇ ಬೇಡ. ಜಾರಿ ಮುಖಕ್ಕೆ ಬಂದರೆ ಮಗುವಿನ ಉಸಿರು ಕಟ್ಟುತ್ತದೆ.

ಕೋಟಿಗೆ ಯಾವ ಅಂಗಿ?

ಶೆಫ್ ಕೋಟಿನ ಮುಂಭಾಗ ಎರಡು ಪದರವಾಗಿರುವುದು ಅಂದಕ್ಕಲ್ಲ. ಕುದಿಯುವ ಸಾರು, ಸಿಡಿಯುವ ಎಣ್ಣೆ ಮೈಗೆ ತಾಗದಿರಲಿ ಎಂದು ಎರಡು ಪದರ; ಒಂದು ಮುಖಕ್ಕೆ ಕಲೆಯಾದರೆ ಅದನ್ನು ಒಳಗೆ ಹಾಕಿ ಇನ್ನೊಂದನ್ನು ಮೇಲೆ ತರಬಹುದು. ಮನೆಯಲ್ಲಿ ಆ ಎರಡು ಪದರವನ್ನು ನಿಜವಾಗಿ ಹೊಲಿಯಬೇಕಿಲ್ಲ. ನೋಡುವವರ ಕಣ್ಣಿಗೆ ಬೇಕಾದದ್ದು ಮೂರೇ: ನಿಂತ ಕಾಲರು, ಎದೆಯ ಮೇಲೆ ಎರಡು ಸಾಲು ಗುಂಡಿ, ಉದ್ದ ತೋಳು.

ಎಲ್ಲರಿಗೂ ಮೊದಲು ಹೊಳೆಯುವುದು ಅಪ್ಪನ ಬಿಳಿ ಶರ್ಟನ್ನು ಹಿಂದುಮುಂದಾಗಿ ತೊಡಿಸುವುದು. ಎದೆಯ ಕಡೆ ಸಪಾಟಾದ ಬಿಳಿ ಸಿಗುತ್ತದೆ ನಿಜ. ಆದರೆ ಶರ್ಟಿನ ಕುತ್ತಿಗೆ ಮುಂದೆ ತಗ್ಗು, ಹಿಂದೆ ಎತ್ತರ; ತಿರುಗಿಸಿದರೆ ಆ ಎತ್ತರದ ಭಾಗ ಮಗುವಿನ ಗಂಟಲಿಗೆ ಒತ್ತುತ್ತದೆ. ತೋಳು ಮುಂದಕ್ಕೆ ಚಾಚಲು ಕಷ್ಟ, ಗುಂಡಿ ಬೆನ್ನಿನಲ್ಲಿ. ಇದನ್ನು ನಾವು ಕೊನೆಯ ಆಯ್ಕೆಯಾಗಿ ಇಡುತ್ತೇವೆ.

ಮದುವೆಗೋ ಹಬ್ಬಕ್ಕೋ ಹೊಲಿಸಿದ ಮಗುವಿನ ಬಿಳಿ ಜುಬ್ಬ ಬೀರುವಿನಲ್ಲಿದೆಯೇ ನೋಡಿ. ಅದಕ್ಕೆ ನಿಂತ ಕಾಲರು ಮೊದಲೇ ಇರುತ್ತದೆ, ತೋಳು ಉದ್ದ, ಮೈಯಳತೆ ಸರಿ. ಉದ್ದ ಜಾಸ್ತಿಯಾದದ್ದನ್ನು ಏಪ್ರನ್ ಮುಚ್ಚುತ್ತದೆ. ಗುಂಡಿ ಅಂಟಿಸಿದರೆ ಮುಗಿಯಿತು. ಇದ್ದದ್ದರಲ್ಲಿ ಇದೇ ಅತ್ಯುತ್ತಮ.

ಜುಬ್ಬ ಇಲ್ಲವಾದರೆ ಶನಿವಾರದ ಬಿಳಿ ಸಮವಸ್ತ್ರದ ಶರ್ಟು. ಕಾಲರನ್ನು ಎತ್ತಿ ಒಳಕ್ಕೆ ಮಡಚಿ ನಾಲ್ಕು ಕಡೆ ಟಾಕಿ ಹಾಕಿದರೆ ನಿಂತ ಕಾಲರಾಗುತ್ತದೆ. ಸೋಮವಾರ ದಾರ ಬಿಚ್ಚಿದರೆ ಮತ್ತೆ ಸಮವಸ್ತ್ರ. ಎದೆಗೆ 24 ಅಗಲ, 30 ಉದ್ದದ ಬಿಳಿ ಬಟ್ಟೆಯ ಅಂಚು ಮಡಚಿ ಹೊಲಿದು, ಎಡ ಅಂಚನ್ನು ಶರ್ಟಿಗೆ ಟಾಕಿ, ಬಲ ಅಂಚಿಗೆ ಎರಡು ಟಿಚ್ ಬಟನ್ ಇಡಿ. ಪೂರ್ತಿ ಹೊಲಿದುಬಿಟ್ಟರೆ ಶರ್ಟಿನ ಗುಂಡಿ ತೆಗೆಯಲು ಬರುವುದಿಲ್ಲ. ಜೇಬಿನ ಮೇಲಿರುವ ಶಾಲೆಯ ಲಾಂಛನ ಈ ಪಟ್ಟಿಯಡಿ ಅಡಗುವಂತೆ ಅಳತೆ ನೋಡಿಕೊಳ್ಳಿ.

ಅರ್ಧ ತೋಳಿನ ಶರ್ಟಾದರೆ ಹಾಗೇ ಇರಲಿ, ಒಳಗೆ ಬಿಳಿ ಬನಿಯನ್ ಹಾಕಿ ತೋಳು ಉದ್ದ ಮಾಡುವ ಸಾಹಸ ಬೇಡ.

ಗುಂಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ದೊಡ್ಡ ಹೋಟೆಲುಗಳ ಕೋಟಿನಲ್ಲಿ ಪ್ಲಾಸ್ಟಿಕ್ ಗುಂಡಿಯ ಬದಲು ಬಟ್ಟೆಯನ್ನೇ ಗಂಟು ಮಾಡಿದ ಗುಂಡಿ ಇಡುವುದುಂಟು. ಬಿಸಿಗೆ ಕರಗುವುದಿಲ್ಲ, ಒಗೆತಕ್ಕೆ ಒಡೆಯುವುದಿಲ್ಲ. ಮನೆಯಲ್ಲಿ ಅದಕ್ಕೆ ಅತಿ ಹತ್ತಿರದ್ದು ಕಾಬೂಲಿ ಕಡಲೆ. ಕಪ್ಪು ಬಟ್ಟೆಯ 4 ಸೆಂ.ಮೀ. ಚೌಕದ ನಡುವೆ ಒಂದು ಒಣ ಕಡಲೆ ಇಟ್ಟು, ಬಟ್ಟೆಯ ನಾಲ್ಕು ಮೂಲೆ ಒಟ್ಟುಗೂಡಿಸಿ ಹಿಂದೆ ದಾರ ಬಿಗಿಯಾಗಿ ಸುತ್ತಿ, ಉಳಿದ ಬಾಲ ಕತ್ತರಿಸಿ, ಅದೇ ದಾರದಿಂದ ಪಟ್ಟಿಗೆ ಹೊಲಿಯಿರಿ. ಬಿಸಿಲಿನಲ್ಲಿ ನಿಂತಾಗ ಪ್ರತಿ ಗುಂಡಿಗೂ ಸಣ್ಣ ನೆರಳು ಬೀಳುತ್ತದೆ. ಮಾರ್ಕರಿನಲ್ಲಿ ಬರೆದ ಚುಕ್ಕೆಗೆ ಅದು ಬರಲು ಸಾಧ್ಯವಿಲ್ಲ. ಆರು ಗುಂಡಿ ಸಾಕು, ಸಾಲಿಗೆ ಮೂರು. ಮೇಲಿನ ಜೋಡಿಯ ನಡುವೆ 12 ಸೆಂ.ಮೀ., ಕೆಳಗಿನದಕ್ಕೆ 10, ಒಂದರ ಕೆಳಗೊಂದು 6 ಸೆಂ.ಮೀ. ಅಂತರ. ಒಗೆಯುವ ಮುನ್ನ ಕಡಲೆ ಗುಂಡಿ ಬಿಚ್ಚಿಬಿಡಿ, ನೀರಿಗೆ ಬಿದ್ದರೆ ಊದಿಕೊಳ್ಳುತ್ತದೆ. ಸಮಯವಿಲ್ಲದವರಿಗೆ ದೊಡ್ಡ ಕಪ್ಪು ಸ್ಟಿಕ್ಕರ್ ಬಿಂದಿ ಉಂಟು. ಇಸ್ತ್ರಿ ಮಾಡಿದ ನುಣುಪು ಬಟ್ಟೆಗೆ ಅಂಟುತ್ತದೆ, ಜುಂಗು ಎದ್ದ ಹಳೆ ಬಟ್ಟೆಗೆ ನಿಲ್ಲದು; ಅದರ ಹಾಳೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾಟಲಿ ಮುಚ್ಚಳ ಭಾರ, ಬಟ್ಟೆ ಜಗ್ಗುತ್ತದೆ.

ಏಪ್ರನ್ ಮತ್ತು ಉಳಿದದ್ದು

ಏಪ್ರನ್ನಿಗೆ ದಿಂಬಿನ ಕವರೇ ಸಾಕು. ಬಾಯಿಯ ಅಂಚಿನ ಮಡಿಕೆಯಲ್ಲಿ ಒಂದು ಪದರಕ್ಕೆ ಮಾತ್ರ ಚಿಕ್ಕ ಸೀಳು ಕೊಟ್ಟು, ಪಿನ್ನಿಗೆ ಸಿಕ್ಕಿಸಿದ ಲಂಗದ ಲಾಡಿಯನ್ನು ತೂರಿಸಿ ಸೊಂಟಕ್ಕೆ ಕಟ್ಟುವುದು. ಎರಡು ಪದರವಿರುವುದರಿಂದ ಒಳಗಿನ ಬಣ್ಣ ಕಾಣುವುದಿಲ್ಲ. ಉದ್ದ 70 ಸೆಂ.ಮೀ. ಹತ್ತಿರ ಇರುತ್ತದೆ, ಈ ಮಗುವಿಗೆ ಪಾದ ಮುಟ್ಟುತ್ತದೆ. ತುದಿಯನ್ನು ಒಳಗೆ ಮಡಚಿ ಮೊಣಕಾಲಿನ ಕೆಳಗೆ ನಿಲ್ಲಿಸಿ. ಬಾತ್ ಟವೆಲ್ ದಪ್ಪ, ಹೊಟ್ಟೆಯ ಬಳಿ ಮುದ್ದೆಯಾಗುತ್ತದೆ. ಅಮ್ಮನ ಅಡುಗೆಮನೆಯ ಏಪ್ರನ್ ಕಾಲಿಗೆ ತೊಡರುತ್ತದೆ.

ಕೊರಳಿಗೆ ಅಪ್ಪನ ಕರವಸ್ತ್ರ, ಮೂಲೆಯಿಂದ ಮೂಲೆಗೆ ಮಡಚಿದ್ದು. ಕುತ್ತಿಗೆಗೆ ಗಂಟು ಬಿಗಿಯಬೇಡಿ. ಮುಂದೆ ಕಾಣುವ ಗಂಟನ್ನು ಮೊದಲೇ ಕಟ್ಟಿ, ಹಿಂದೆ ಕತ್ತರಿಸಿ ಒಂದು ಟಿಚ್ ಬಟನ್ ಹಾಕಿದರೆ ಯಾರಾದರೂ ಎಳೆದಾಗ ತಾನೇ ಬಿಚ್ಚಿಕೊಳ್ಳುತ್ತದೆ. ಪ್ಯಾಂಟು ಕಪ್ಪೋ ಸಣ್ಣ ಚೌಕಳಿಯದೋ ಆಗಲಿ. ಅಡುಗೆಮನೆಗಳಲ್ಲಿ ಚೌಕಳಿ ಬಂದದ್ದು ಕಲೆ ಕಾಣದಿರಲೆಂದು. ಮೀಸೆ ಬೇಕೆಂದು ಮಗು ಕೇಳಿದರೆ ಹುಬ್ಬಿನ ಪೆನ್ಸಿಲ್‌ನಲ್ಲಿ ಬರೆಯಿರಿ, ಕಾಡಿಗೆ ಬೆವರಿಗೆ ಹರಡಿ ಕೋಟಿಗೂ ಹತ್ತುತ್ತದೆ.

ಪಂಚೆಯ ಅಡುಗೆಯವರಾದರೆ

ದೊಡ್ಡವರ ಪಂಚೆಯನ್ನು ಸೊಂಟದ ಬಳಿ ಸುರುಳಿ ಸುತ್ತಿ ಸುತ್ತಿ ಗಿಡ್ಡ ಮಾಡಲು ಹೋದರೆ ಮಗುವಿಗೆ ಟೈರು ಕಟ್ಟಿದಂತಾಗುತ್ತದೆ. ಪಂಚೆಯ ಅಗಲವನ್ನೇ ಉದ್ದಕ್ಕೆ ಎರಡಾಗಿ ಮಡಿಸಿ. ಒಂದೂಕಾಲು ಮೀಟರ್ ಅಗಲ 62 ಸೆಂ.ಮೀ. ಆಗುತ್ತದೆ, 110 ಸೆಂ.ಮೀ. ಎತ್ತರದ ಮಗುವಿನ ಸೊಂಟದಿಂದ ಕಣಕಾಲಿಗೆ ಅಷ್ಟೇ ಬೇಕು. ಮಡಿಕೆ ಸೊಂಟಕ್ಕೆ ಬರಲಿ, ಎರಡೂ ಅಂಚು ಕೆಳಗೆ. ಒಳಗೆ ಚಡ್ಡಿ ಇರಬೇಕು, ಪಂಚೆಯ ಮೇಲೆ ಶಾಲೆಯ ಬೆಲ್ಟು ಬಿಗಿದು ಅದನ್ನು ಮರೆಮಾಡಲು ಕೆಂಪು ಚೌಕಳಿಯ ಟವೆಲನ್ನು ಸೊಂಟಕ್ಕೆ ಸುತ್ತಿ. ಬೆಲ್ಟಿಲ್ಲದ ಪಂಚೆ ವೇದಿಕೆ ಹತ್ತುವಾಗ ಕಾಲಿಗೆ ಸಿಕ್ಕಿ ಬಿಚ್ಚಿಹೋಗುತ್ತದೆ. ಅಡುಗೆಯವರು ಕೆಲಸದಲ್ಲಿರುವಂತೆ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದರೆ ಎಡವುವ ಭಯವೂ ಇಲ್ಲ, ನೋಡಲೂ ನಿಜ.

ಒಂದು ಮಾತು. ಈ ವೇಷಕ್ಕೆ ಜನಿವಾರ, ಜುಟ್ಟು ಹಾಕಿ ಜಾತಿಯ ಗುರುತು ತರುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬಿಡಿ. ಅಡುಗೆಯವರ ಗುರುತು ಕೆಲಸದಿಂದ ಬರಲಿ: ಕಿವಿಯ ಮೇಲೊಂದು ಪೆನ್ಸಿಲ್, ಸೊಂಟದಲ್ಲಿ ಸಾಮಾನಿನ ಪಟ್ಟಿಯ ಚೀಟಿ, ಹೆಗಲ ಮೇಲೆ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ. ಆ ಚೀಟಿಯನ್ನು ಮಗು ತೆಗೆದು ‘ನೂರು ಜನಕ್ಕೆ ಅಕ್ಕಿ ಎಷ್ಟು, ಬೇಳೆ ಎಷ್ಟು’ ಎಂದು ಓದಿದರೆ ಅದೇ ಮಾತಾಯಿತು.

ಕೈಯಲ್ಲಿ ಏನು?

ಒಂದೇ ಸಾಮಾನು, ಅದೂ ದೊಡ್ಡದು. ಇನ್ನೊಂದು ಕೈ ಮೈಕಿಗೆ ಬೇಕು. ಶೆಫ್ಫಿಗೆ ಮರದ ಸೌಟು ಅಥವಾ ಲಟ್ಟಣಿಗೆ, ಅಡುಗೆಯವರಿಗೆ ಜಾಲರಿ ಸೌಟು, ಮಂಡ್ಯದ ಮನೆಯಾದರೆ ಮುದ್ದೆ ತಿರುವುವ ಹಿಟ್ಟಿನ ಕೋಲು. ಉದ್ದನೆಯ ಹಿಟ್ಟಿನ ಕೋಲು ಹಿಡಿದ ಪುಟ್ಟ ಮಗುವನ್ನು ಕಂಡರೆ ಊರಿನವರ ಮುಖ ಅರಳದೆ ಇರದು. ಚಾಕು, ಈಳಿಗೆಮಣೆ, ಗಾಜಿನ ಬಟ್ಟಲು ಯಾವುದೂ ಬೇಡ. ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೆ ಆ ಸದ್ದಿಗೇ ಮಗು ಮಾತು ಮರೆಯುತ್ತದೆ.

ತಿಂಡಿಯ ತಟ್ಟೆ ಬೇಕೇಬೇಕು ಎನ್ನುವವರು ನಿಜವಾದ ತಿಂಡಿ ಇಡಬೇಡಿ. ಮೇಲುಕೋಟೆ ಪುಳಿಯೋಗರೆ ಎಷ್ಟೇ ಚೆಂದ ಕಂಡರೂ ಅದರ ಅರಿಸಿನ, ಎಣ್ಣೆ ಎರಡೂ ಬಿಳಿ ಕೋಟಿಗೆ ಹತ್ತುತ್ತವೆ. ಪಾತ್ರೆ ತೊಳೆಯುವ ಹಳದಿ ಸ್ಪಂಜನ್ನು ಹರಿತ ಚಾಕುವಿನಿಂದ ನೀವೇ ಚೌಕಗಳಾಗಿ ಕತ್ತರಿಸಿ ನೋಡಿ: ಆ ಗೂಡುಗೂಡು ಮೈ ಥೇಟ್ ಮೈಸೂರು ಪಾಕಿನದೇ. ಅದನ್ನು ಹಿಡಿದ ಮಗು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಮನೆಯಲ್ಲಿ ಮೈಸೂರು ಪಾಕನ್ನು ಮೊದಲು ಮಾಡಿದರೆಂದು ಎಲ್ಲರೂ ಹೇಳುವ ಕಾಕಾಸುರ ಮಾದಪ್ಪನವರ ಹೆಸರು ಹೇಳಲಿ. ಮದ್ದೂರು ವಡೆಗೆ ರಟ್ಟಿನ ಪೆಟ್ಟಿಗೆಯಿಂದ 8 ಸೆಂ.ಮೀ. ಅಗಲದ ಬಿಲ್ಲೆ ಹರಿದು ತೆಗೆಯಿರಿ, ಕತ್ತರಿ ಬೇಡ, ಅಂಚು ಒರಟಿರಲಿ. ಮೇಲೆ ಒಣ ಈರುಳ್ಳಿ ಸಿಪ್ಪೆಯ ಚೂರುಗಳನ್ನು ಗೋಂದಿನಲ್ಲಿ ಅಂಟಿಸಿದರೆ ಕರಿದ ಈರುಳ್ಳಿಯ ಬಣ್ಣವೇ ಬರುತ್ತದೆ. ಮುದ್ದೆಗೆ ಹಳೆ ಪತ್ರಿಕೆಯ ಉಂಡೆಯ ಮೇಲೆ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದವನ್ನು ನೆನೆಸಿ ಸುತ್ತಿ ಒಣಗಿಸಿ.

ಎಷ್ಟು ದಿನ ಇದೆ?

ನಾಳೆ ಬೆಳಿಗ್ಗೆಯೇ ಸ್ಪರ್ಧೆ ಎಂದು ರಾತ್ರಿ ಗೊತ್ತಾಗಿದ್ದರೆ ಪಂಚೆಯ ಅಡುಗೆಯವರು. ಒಂದು ಸಂಜೆ ಇದ್ದರೆ ಸಮವಸ್ತ್ರದ ಶರ್ಟು, ಬಿಂದಿ ಗುಂಡಿ, ಕಾಗದದ ಟೋಪಿ. ಶನಿವಾರ, ಭಾನುವಾರ ಎರಡೂ ಸಿಕ್ಕರೆ ಶನಿವಾರ ಟೋಪಿ ಹೊಲಿದು ಗಂಜಿ ಹಾಕಿ, ಭಾನುವಾರ ಕೋಟು. ಹಿಂದಿನ ದಿನ ಮಗುವಿಗೆ ಪೂರ್ತಿ ವೇಷ ತೊಡಿಸಿ ಅರ್ಧ ಗಂಟೆ ಮನೆಯಲ್ಲಿ ಆಡಲು ಬಿಡಿ. ಎಲ್ಲಿ ಚುಚ್ಚುತ್ತದೆ, ಎಲ್ಲಿ ಜಾರುತ್ತದೆ ಎಂದು ಅದು ತಾನೇ ಹೇಳುತ್ತದೆ.

ಟೋಪಿಯನ್ನು ಶಾಲೆಗೆ ಒಯ್ಯುವಾಗ ಮಡಚಬೇಡಿ, ಒಳಗೆ ಎರಡು ಹಾಳೆ ಪತ್ರಿಕೆ ತುರುಕಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟು ಒಯ್ದರೆ ಸ್ಕೂಟರಿನ ಗಾಳಿಗೂ ಬಸ್ಸಿನ ನೂಕಿಗೂ ಹೆದರಬೇಕಿಲ್ಲ. ಸೂಜಿ, ಬಿಳಿ ದಾರ, ನಾಲ್ಕು ಪಿನ್ನು ಜೊತೆಗಿರಲಿ. ಸ್ಪರ್ಧೆ ಮುಗಿದ ವಾರದೊಳಗೆ ಪಟ್ಟಿಯ ಸಂದಿಯಿಂದ ಚಾರ್ಟು ಹೊರಕ್ಕೆಳೆದು ಟೋಪಿಯನ್ನು ಒಗೆದು, ಗಂಜಿ ಪೂರ್ತಿ ಹೋದ ಮೇಲೆಯೇ ಎತ್ತಿಡಿ. ಗಂಜಿ ಉಳಿದ ಬಟ್ಟೆಯನ್ನು ಬೀರುವಿನಲ್ಲಿಟ್ಟರೆ ಜಿರಳೆ ತಿಂದು ತೂತು ಮಾಡುತ್ತದೆ, ಮುಂದಿನ ವರ್ಷ ತಮ್ಮನಿಗೋ ತಂಗಿಗೋ ಉಳಿಯುವುದಿಲ್ಲ.